ಹಳೆಯ ಕಾರಿನ ನಾಡಿಪರೀಕ್ಷೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ಗಮನವಿಟ್ಟು ನೋಡಬೇಕು. ಕೊಂಬಿಗೆ ಹಚ್ಚಿದ ಬಣ್ಣವನ್ನಾಗಲಿ, ಕೊರಳಿಗೆ ಕಟ್ಟಿದ ಗೆಜ್ಜೆಯನ್ನಾಗಲಿ ಅವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೇರವಾಗಿ ಎತ್ತಿನ ತುಟಿಯನ್ನು ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ತಿಳಿದ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ಸುಳಿಯನ್ನೂ ನೋಡುತ್ತಾನೆನ್ನಿ, ಆದರೆ ಅದು ವಿಜ್ಞಾನಕ್ಕೆ ಸೇರಿದ ವಿಷಯವಲ್ಲ. ಅದೇ ರೈತನ ಮಗನು ಪಟ್ಟಣದಲ್ಲಿ ಉದ್ಯೋಗದಲ್ಲಿದ್ದು, ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಎರಡು ಲಕ್ಷ ರೂಪಾಯಿಗಳೊಂದಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಹೊರಟಾಗ ಏನು ಮಾಡುತ್ತಾನೆ? ಬಣ್ಣ ನೋಡುತ್ತಾನೆ, ಒಳಗಿನ ಸ್ಟೀರಿಯೋ ಹಾಕಿ ಕೇಳುತ್ತಾನೆ, ಕಿಲೋಮೀಟರಿನ ಅಂಕಿಯನ್ನು ನೋಡಿ ತಲೆದೂಗುತ್ತಾನೆ, ಮುಂಗಡ ಕೊಟ್ಟುಬಿಡುತ್ತಾನೆ. ತಂದೆಯು ಕೊಂಬಿನ ಬಣ್ಣವನ್ನು ನಂಬಲಿಲ್ಲ, ಮಗನು ನಂಬಿದನು.

ಕಾರಿಗೂ ಹಲ್ಲುಗಳುಂಟು. ಅವುಗಳನ್ನು ಎಣಿಸುವ ಬಗೆಯನ್ನು ಕುರಿತು ಈ ಲೇಖನದಲ್ಲಿ ವಿಚಾರ ಮಾಡೋಣ. ಹಣ ಸ್ವಲ್ಪವಿರಬೇಕು, ಕಾರು ನಂಬಿಕೆಗೆ ಯೋಗ್ಯವಾಗಿರಬೇಕು, ಓಡಿಸಿದರೆ ಮನಸ್ಸಿಗೆ ಉಲ್ಲಾಸವೂ ಆಗಬೇಕು ಎಂಬ ಮೂರು ಬಯಕೆಗಳು ಒಂದಕ್ಕೊಂದು ವಿರೋಧವೆಂದು ತೋರುತ್ತವೆ. ವಾಸ್ತವವಾಗಿ ಅಷ್ಟೊಂದು ವಿರೋಧವಿಲ್ಲ.

ಮೊದಲು ಒಂದು ಮೂಲತತ್ತ್ವ. ಕಾರಿಗೆ ಬರುವ ಮುಪ್ಪು ಎರಡು ವಿಧ: ಬೆಲೆಯ ಮುಪ್ಪು, ಯಂತ್ರದ ಮುಪ್ಪು. ಇವೆರಡೂ ಒಂದೇ ವೇಗದಲ್ಲಿ ಬರುವುದಿಲ್ಲವೆಂಬುದೇ ಬಡವನ ಭಾಗ್ಯ. ನಮ್ಮ ದೇಶದಲ್ಲಿ ವಾಹನದ ವಿಮಾಮೌಲ್ಯವನ್ನು ಗೊತ್ತುಪಡಿಸಲು ಬಳಸುವ ಪಟ್ಟಿಯನ್ನು ನೋಡಿ. ಹೊಸ ಕಾರಿಗೆ ಆರು ತಿಂಗಳೊಳಗೆ ಶೇಕಡ ೫, ಒಂದು ವರ್ಷದೊಳಗೆ ೧೫, ಎರಡನೆಯ ವರ್ಷದಲ್ಲಿ ೨೦, ಮೂರನೆಯದರಲ್ಲಿ ೩೦, ನಾಲ್ಕನೆಯದರಲ್ಲಿ ೪೦, ಐದನೆಯ ವರ್ಷದಲ್ಲಿ ೫೦ರಷ್ಟು ಬೆಲೆಯನ್ನು ಕಳೆಯಲಾಗುತ್ತದೆ. ಅಂದರೆ ಐದು ವರ್ಷ ತುಂಬುವ ವೇಳೆಗೆ ಅರ್ಧ ಬೆಲೆ ಆವಿಯಾಗಿ ಹೋಗಿರುತ್ತದೆ. ಪೇಟೆಯ ಬೆಲೆ ಈ ಪಟ್ಟಿಯಂತೆಯೇ ನಡೆಯುವುದಿಲ್ಲ. ಜನಪ್ರಿಯ ಕಾರಿನ ಬೆಲೆ ನಿಧಾನವಾಗಿಯೂ, ಯಾರಿಗೂ ಬೇಡವಾದ ಕಾರಿನ ಬೆಲೆ ಧಡಾರನೆಯೂ ಇಳಿಯುತ್ತದೆ. ಆದರೂ ಇಳಿಜಾರಿನ ಕಡಿದಾದ ಭಾಗವು ಮೊದಲ ಕೆಲವು ವರ್ಷಗಳಲ್ಲಿಯೇ ಇದೆ ಎಂಬುದು ಸ್ಪಷ್ಟ.

ಯಂತ್ರದ ಮುಪ್ಪಿನ ರೇಖೆ ಬೇರೆಯೇ ಆಕಾರದ್ದು. ಸ್ನಾನದ ತೊಟ್ಟಿಯನ್ನು ಪಕ್ಕದಿಂದ ಸೀಳಿ ನೋಡಿದರೆ ಹೇಗೆ ಕಾಣುವುದೋ ಹಾಗೆ. ಆರಂಭದಲ್ಲಿ ತಯಾರಿಕೆಯ ದೋಷಗಳು ಹೊರಬೀಳುವುದರಿಂದ ಕೆಡುವಿಕೆ ಹೆಚ್ಚು. ಅವು ನಿವಾರಣೆಯಾದ ಮೇಲೆ ಬಹುಕಾಲ ರೇಖೆಯು ತೊಟ್ಟಿಯ ತಳದಂತೆ ಸಮತಟ್ಟಾಗಿ ಸಾಗುತ್ತದೆ. ಕೊನೆಗೆ ಸವೆತವು ಮಿತಿಮೀರಿ ರೇಖೆ ಮತ್ತೆ ಮೇಲೇಳುತ್ತದೆ. ಬೆಲೆಯು ಇಳಿಜಾರಿನ ಬುಡ ಮುಟ್ಟಿರಬೇಕು, ಯಂತ್ರವಿನ್ನೂ ತೊಟ್ಟಿಯ ತಳದಲ್ಲೇ ಇರಬೇಕು: ಜಾಣ ಗಿರಾಕಿಯು ಹುಡುಕತಕ್ಕ ಕಾಲಖಂಡವಿದು. ಚಿಕ್ಕ ಪೆಟ್ರೋಲು ಕಾರುಗಳ ಮಟ್ಟಿಗೆ ಅದು ಸುಮಾರು ಆರರಿಂದ ಹನ್ನೆರಡು ವರ್ಷಗಳ ನಡುವೆ ಇದೆ ಎಂದು ನನ್ನ ಅಭಿಪ್ರಾಯ. ಆದರೆ ಆ ತಳದ ಉದ್ದವನ್ನು ನಿರ್ಧರಿಸುವುದು ಪಂಚಾಂಗವಲ್ಲ, ಎಂಜಿನ್ ಆಯಿಲು. ಕಾಲಕಾಲಕ್ಕೆ ಆಯಿಲು ಬದಲಾಯಿಸಿದ ಹನ್ನೆರಡು ವರ್ಷದ ಕಾರು, ಅದನ್ನು ಮರೆತ ಆರು ವರ್ಷದ ಕಾರಿಗಿಂತ ಕಿರಿಯದು. ಆದುದರಿಂದ ಯಾವ ಕಾರು ಎಂಬುದಕ್ಕಿಂತ ಯಾರ ಕಾರು ಎಂಬ ಪ್ರಶ್ನೆಯೇ ಮುಖ್ಯ.

ಹಾಗೆಂದು ಮೊದಲನೆಯ ಪ್ರಶ್ನೆಯನ್ನು ಬಿಡುವಂತಿಲ್ಲ. ಅಗ್ಗದ ಕಾರು ಎಂದರೆ ಕೊಳ್ಳುವಾಗ ಅಗ್ಗವಾದದ್ದಲ್ಲ, ಕೊಂಡ ಮೇಲೆ ಅಗ್ಗವಾದದ್ದು. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಬಿಡಿಭಾಗ ಸಿಕ್ಕಬೇಕು. ರಸ್ತೆಬದಿಯ ಮೆಕ್ಯಾನಿಕ್ಕನ ಕೈಗೆ ಅದರ ಬೋಲ್ಟುಗಳ ಪರಿಚಯವಿರಬೇಕು. ೧೯೮೩ರ ಡಿಸೆಂಬರಿನಲ್ಲಿ ಹೊರಬಂದು ೨೦೧೪ರ ಜನವರಿಯವರೆಗೆ ತಯಾರಾದ ಮಾರುತಿ ೮೦೦ ಈ ವಿಷಯದಲ್ಲಿ ಇಡೀ ದೇಶಕ್ಕೆ ಪಾಠಶಾಲೆಯಾಗಿತ್ತು. ಅದರ ೭೯೬ ಘನ ಸೆಂಟಿಮೀಟರಿನ ಮೂರು ಸಿಲಿಂಡರುಗಳ ಎಂಜಿನನ್ನು ಬಿಚ್ಚಿ ಜೋಡಿಸಲಾರದ ಮೆಕ್ಯಾನಿಕ್ಕನು ಸಿಕ್ಕುವುದು ಕಷ್ಟ. ಆದರೆ ಒಂದು ಎಚ್ಚರಿಕೆ: ಸ್ವಂತ ಬಳಕೆಯ ಕಾರಿನ ನೋಂದಣಿ ೧೫ ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಮಾರುತಿ ೮೦೦ಗಳಲ್ಲಿ ಅತಿ ಕಿರಿಯದಕ್ಕೂ ೨೦೨೯ರ ಸುಮಾರಿಗೆ ಆ ಗಡುವು ಬರುತ್ತದೆ. ಹೀಗಿರುವಲ್ಲಿ ಅದರ ಬಂಧುಬಳಗವಾದ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಇಲ್ಲವೆ ಹ್ಯುಂಡೈಯವರ ಐ೧೦ ಇವುಗಳಲ್ಲಿ ಹುಡುಕುವುದು ಒಳ್ಳೆಯದು. ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರು ಓಡಿಸುವವರು ಡೀಸೆಲಿನ ಆಸೆಯನ್ನು ಬಿಡುವುದು ಲೇಸು. ಇಂಧನದಲ್ಲಿ ಉಳಿದ ಹಣವನ್ನು ಟರ್ಬೊ, ಇಂಜೆಕ್ಟರುಗಳ ಒಂದೇ ಒಂದು ರಿಪೇರಿ ನುಂಗಿಹಾಕುತ್ತದೆ.

ಇನ್ನು ಉಲ್ಲಾಸದ ವಿಷಯ. ಓಡಿಸುವಾಗ ದೊರೆಯುವ ಸಂತೋಷಕ್ಕೆ ದೊಡ್ಡ ಎಂಜಿನು ಬೇಕೆಂಬುದು ಸಾಮಾನ್ಯ ನಂಬಿಕೆ. ನ್ಯೂಟನ್ನನ ಎರಡನೆಯ ನಿಯಮವು ಹಾಗೆ ಹೇಳುವುದಿಲ್ಲ. ವೇಗೋತ್ಕರ್ಷವು ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದಷ್ಟು. ಆದುದರಿಂದ ಬಲವನ್ನು ಹೆಚ್ಚಿಸುವುದೂ ಒಂದೇ, ಭಾರವನ್ನು ತಗ್ಗಿಸುವುದೂ ಒಂದೇ. ೧೯೯೩ರಲ್ಲಿ ಬಂದ ಮಾರುತಿ ಜೆನ್ ಸುಮಾರು ೭೩೦ ಕಿಲೋಗ್ರಾಂ ತೂಕದ್ದು, ಶಕ್ತಿ ಸುಮಾರು ೫೦ ಅಶ್ವಶಕ್ತಿ. ೧೨೦೦ ಕಿಲೋ ತೂಗುವ ಕಾರೊಂದು ಅದರ ಸಮಕ್ಕೆ ಚಿಮ್ಮಬೇಕಾದರೆ ೮೨ ಅಶ್ವಶಕ್ತಿ ಬೇಕು. ೨೦೧೦ರಲ್ಲಿ ಬಂದ ಆಲ್ಟೊ ಕೆ೧೦ರ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ೯೯೮ ಘನ ಸೆಂಟಿಮೀಟರಿನ ಎಂಜಿನು, ಸುಮಾರು ೬೭ ಅಶ್ವಶಕ್ತಿ, ತೂಕ ಸುಮಾರು ೭೫೦ ಕಿಲೋ. ಟನ್ನಿಗೆ ಸುಮಾರು ೯೦ ಅಶ್ವಶಕ್ತಿಯಾಯಿತು. ೨೦೧೧ರ ಸ್ವಿಫ್ಟ್ ಸುಮಾರು ೯೬೫ ಕಿಲೋ ತೂಗಿ ಸುಮಾರು ೮೬ ಅಶ್ವಶಕ್ತಿ ಕೊಡುತ್ತಿತ್ತು. ಟನ್ನಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯಲ್ಲಿ ಅವುಗಳ ಬೆಲೆ ಮಾತ್ರ ಅಷ್ಟೇ ಅಲ್ಲ! ಹಗುರವಾದ ಕಾರು ತಿರುವಿನಲ್ಲಿಯೂ ಚುರುಕು. ತಿರುಗಿಸುವ ಚಾಲಕನಿಗೆ ಎದುರಾಗುವುದು ಕಾರಿನ ಜಡತ್ವ. ಭಾರ ಕಡಿಮೆಯಾಗಿ, ಆ ಭಾರವೂ ಚಕ್ರಗಳ ನಡುವೆಯೇ ಅಡಗಿದ್ದರೆ ಆ ಜಡತ್ವ ಅಲ್ಪ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಚಿಕ್ಕ ಕಾರೊಂದನ್ನು ಗಂಟೆಗೆ ನಲವತ್ತು ಕಿಲೋಮೀಟರು ವೇಗದಲ್ಲಿ ಹತ್ತಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆದರೆ ಇದೇ ಹಗುರತನಕ್ಕೆ ಇನ್ನೊಂದು ಮುಖವುಂಟು. ಅದನ್ನು ಮರೆಮಾಡುವುದು ನ್ಯಾಯವಲ್ಲ. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ನಮ್ಮಲ್ಲಿ ಮಾರುತ್ತಿದ್ದ ಐದು ಚಿಕ್ಕ ಕಾರುಗಳನ್ನು, ಅವುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಆರಿಸಿ, ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಆಲ್ಟೊ ೮೦೦, ಐ೧೦, ನ್ಯಾನೊ, ಫಿಗೊ, ಪೋಲೊ ಈ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ದೊರೆತ ನಕ್ಷತ್ರಗಳು ಸೊನ್ನೆ. ಡಿಕ್ಕಿಯಲ್ಲಿ ದೇಹದ ಚಲನಶಕ್ತಿಯನ್ನು ಯಾವುದಾದರೊಂದು ನುಂಗಬೇಕು. ಕಾರಿನ ಮೂತಿ ಕ್ರಮವಾಗಿ ನುಗ್ಗಾಗಿ, ಬೆಲ್ಟು ಮತ್ತು ಏರ್‌ಬ್ಯಾಗುಗಳು ಎದೆಯನ್ನು ಮೆಲ್ಲನೆ ತಡೆಯದಿದ್ದರೆ ಪಕ್ಕೆಲುಬುಗಳು ನುಂಗಬೇಕಾಗುತ್ತದೆ. ೨೦೧೯ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕೂ, ಅದೇ ಜುಲೈಯಿಂದ ಚಾಲಕನ ಏರ್‌ಬ್ಯಾಗೂ ಕಡ್ಡಾಯವಾದುವು. ಅದಕ್ಕೂ ಹಿಂದಿನ ಕಾರುಗಳಲ್ಲಿ ಕೆಲವು ಮೇಲುದರ್ಜೆಯ ಮಾದರಿಗಳಿಗೆ ಇವು ಇದ್ದುವು. ಎರಡು ಕಾರುಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ, ಒಂದು ವರ್ಷ ಹಳೆಯದಾದರೂ ಚಿಂತೆಯಿಲ್ಲ, ಏರ್‌ಬ್ಯಾಗು ಮತ್ತು ಎ.ಬಿ.ಎಸ್. ಇರುವುದನ್ನೇ ಕೊಳ್ಳಿ. ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವನಿಗೆ ಅಲಾಯ್ ಚಕ್ರಗಳಿಂದ ಏನು ಪ್ರಯೋಜನ?

ಈಗ ಪರೀಕ್ಷೆಗೆ ಬರೋಣ. ಮೊದಲನೆಯ ಸೂತ್ರ: ಎಂಜಿನು ತಣ್ಣಗಿರುವಾಗಲೇ ನೋಡತಕ್ಕದ್ದು. ಈ ಸೂತ್ರವನ್ನು ನಾನು ಹಣ ತೆತ್ತು ಕಲಿತೆ. ನನ್ನ ಮೊದಲ ಕಾರನ್ನು ನೋಡಲು ಹೋದ ದಿನ ಮಾರುವವರು ಬಹಳ ವಿನಯದಿಂದ, “ಬನ್ನಿ ಸಾರ್, ನೀವು ಬರ್ತೀರಿ ಅಂತ ಈಗ ತಾನೇ ಸ್ಟಾರ್ಟ್ ಮಾಡಿ ಇಟ್ಟಿದ್ದೀನಿ” ಎಂದರು. ಅದನ್ನು ಸೌಜನ್ಯವೆಂದೇ ತಿಳಿದೆ. ಮಾರನೆಯ ಬೆಳಗ್ಗೆ ಮನೆಯ ಮುಂದೆ ಸ್ಟಾರ್ಟ್ ಮಾಡಿದಾಗ ಎದ್ದ ನೀಲಿಹೊಗೆಗೆ ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಕಾರಣ ಸರಳವಾದದ್ದು. ರಾತ್ರಿಯಿಡೀ ನಿಂತ ಎಂಜಿನಿನಲ್ಲಿ, ವಾಲ್ವುಗಳ ಸೀಲು ಸವೆದಿದ್ದರೆ ಆಯಿಲು ಹನಿಹನಿಯಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಮೊದಲ ಉರಿಯಲ್ಲಿ ಅದು ನೀಲಿಹೊಗೆಯಾಗಿ ಹೊರಬರುತ್ತದೆ. ಬಿಸಿಯಾದ ಎಂಜಿನು ಅಷ್ಟರಲ್ಲಿ ಅದನ್ನು ಉರಿಸಿ ಮುಗಿಸಿರುತ್ತದೆ. ಆದುದರಿಂದ ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈಯಿಡಿ. ಬೆಚ್ಚಗಿದ್ದರೆ ಬೇರೊಂದು ದಿನ ಬರುವುದಾಗಿ ಹೇಳಿ ಕಾಫಿ ಕುಡಿದು ಬನ್ನಿ.

ಹೊಗೆಯ ಬಣ್ಣವು ಎಂಜಿನಿನ ನಾಲಗೆಯಿದ್ದಂತೆ. ಚಳಿಯ ಬೆಳಗಿನಲ್ಲಿ ಎರಡು ನಿಮಿಷ ಕಾಣುವ ತೆಳುವಾದ ಬಿಳಿಯ ಆವಿಗೆ ಅಂಜಬೇಕಾಗಿಲ್ಲ. ಪೆಟ್ರೋಲು ಉರಿದಾಗ ಹುಟ್ಟಿದ ನೀರೇ ತಣ್ಣನೆಯ ಕೊಳವೆಯಲ್ಲಿ ಸಾಂದ್ರೀಕರಿಸಿರುತ್ತದೆ. ಎಂಜಿನು ಕಾದ ಮೇಲೆಯೂ ದಟ್ಟ ಬಿಳಿಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿನೊಳಕ್ಕೆ ಸೋರುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದು. ಆಯಿಲು ತುಂಬುವ ಮುಚ್ಚಳವನ್ನು ತೆಗೆದು ಅದರ ಒಳಮೈ ನೋಡಿ. ಕಾಫಿಗೆ ಹಾಲು ಬೆರೆಸಿದಂತಹ ಕೆನೆ ದಟ್ಟವಾಗಿ ಅಂಟಿದ್ದರೆ ಆಯಿಲಿನಲ್ಲಿ ನೀರು ಸೇರಿದೆ. ಕರಿಹೊಗೆಯು ಪೆಟ್ರೋಲು ಅತಿಯಾಗಿ ಹೋಗುತ್ತಿರುವುದರ ಗುರುತು. ಇದು ಮೂರರಲ್ಲಿ ಸೌಮ್ಯವಾದ ರೋಗ, ಹಲವು ಸಲ ಒಂದು ಸೆನ್ಸರನ್ನು ಬದಲಾಯಿಸಿದರೆ ಗುಣವಾಗುತ್ತದೆ.

ಇವೆಲ್ಲಕ್ಕಿಂತ ಖಚಿತವಾದ ಪರೀಕ್ಷೆ ಒಂದುಂಟು. ಅದನ್ನು ಕೇಳಿ ಮಾಡಿಸುವವರು ಮಾತ್ರ ವಿರಳ. ಪೆಟ್ರೋಲು ಎಂಜಿನಿನ ಶಕ್ತಿಗೆಲ್ಲ ಮೂಲವು ಪಿಸ್ಟನ್ನು ಮೇಲೇರುವಾಗ ಸಿಲಿಂಡರಿನ ಅನಿಲವನ್ನು ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಒತ್ತುವುದರಲ್ಲಿದೆ. ಪಿಸ್ಟನ್ನಿನ ಉಂಗುರಗಳು, ಅಂದರೆ ರಿಂಗುಗಳು, ಸವೆದಿದ್ದರೆ ಒತ್ತಿದ ಅನಿಲವು ಪಕ್ಕದಿಂದ ನುಸುಳಿಹೋಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡಮಾಪಕವನ್ನು ತಿರುಗಿಸಿ, ಎಂಜಿನನ್ನು ಸ್ಟಾರ್ಟರಿನಿಂದ ಕೆಲವು ಸುತ್ತು ತಿರುಗಿಸಿದರೆ ಪ್ರತಿಯೊಂದು ಸಿಲಿಂಡರಿನ ಆರೋಗ್ಯವೂ ಅಂಕಿಯಲ್ಲಿ ಕಾಣುತ್ತದೆ. ಸ್ವಸ್ಥವಾದ ಚಿಕ್ಕ ಎಂಜಿನಿನಲ್ಲಿ ಇದು ಚದರ ಸೆಂಟಿಮೀಟರಿಗೆ ಸುಮಾರು ೧೨ರಿಂದ ೧೪ ಕಿಲೋಗ್ರಾಂ. ಅಂಕಿಗಿಂತಲೂ ಸಿಲಿಂಡರುಗಳ ನಡುವಣ ಹೊಂದಾಣಿಕೆ ಮುಖ್ಯ. ಒಂದರಲ್ಲಿ ೧೩, ಪಕ್ಕದ್ದರಲ್ಲಿ ೯ ಬಂದರೆ ರೋಗ ನಿಶ್ಚಿತ. ಆಗ ಕಡಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲು ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗಿನಲ್ಲಿದೆ, ಏಕೆಂದರೆ ಆಯಿಲು ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. ಏರದಿದ್ದರೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಎಷ್ಟು ಅಗ್ಗದ, ಎಷ್ಟು ಅಚ್ಚುಕಟ್ಟಾದ ಪ್ರಯೋಗ! ಪರಿಚಯದ ಮೆಕ್ಯಾನಿಕ್ಕನಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಈ ಪರೀಕ್ಷೆಗೆ ಒಪ್ಪದ ಮಾಲೀಕನು ತನಗರಿಯದೆಯೇ ಫಲಿತಾಂಶವನ್ನು ಹೇಳಿದಂತಾಯಿತು.

ವಾಲ್ವುಗಳನ್ನು ಕಾಲಕ್ಕೆ ಸರಿಯಾಗಿ ತೆರೆಯುವ ಟೈಮಿಂಗ್ ಬೆಲ್ಟಿನ ವಿಷಯವನ್ನೂ ಕೇಳಿ. ಮಾರುತಿ ೮೦೦, ಹಳೆಯ ಆಲ್ಟೊಗಳಲ್ಲಿ ಅದು ರಬ್ಬರಿನದು; ಯಾವಾಗ ಬದಲಾಯಿಸಿದರೆಂಬುದಕ್ಕೆ ರಸೀದಿ ಇಲ್ಲದಿದ್ದರೆ ಬದಲಾಯಿಸಿಯೇ ಇಲ್ಲವೆಂದು ತಿಳಿದು ಅದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಕೆ೧೦ರಲ್ಲಿಯೂ ೨೦೧೧ರ ಪೆಟ್ರೋಲು ಸ್ವಿಫ್ಟಿನಲ್ಲಿಯೂ ಅದರ ಸ್ಥಾನದಲ್ಲಿ ಲೋಹದ ಸರಪಳಿಯಿದೆ. ಮತ್ತೊಂದು ರಬ್ಬರಿನ ಮಾತು. ೨೦೨೫ರ ವೇಳೆಗೆ ದೇಶದಾದ್ಯಂತ ಶೇಕಡ ೨೦ರಷ್ಟು ಎಥನಾಲು ಬೆರೆತ ಪೆಟ್ರೋಲು ಬಳಕೆಗೆ ಬಂದಿತು. ೨೦೨೩ಕ್ಕೆ ಹಿಂದಿನ ಬಹುತೇಕ ಕಾರುಗಳ ಇಂಧನದ ಕೊಳವೆ, ಸೀಲುಗಳು ಇದನ್ನು ಉದ್ದೇಶಿಸಿ ಮಾಡಿದುವಲ್ಲ. ಎಥನಾಲು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ. ಕೊಳವೆಗಳನ್ನು ಬೆರಳಿನಿಂದ ಹಿಸುಕಿ, ಪೆಟ್ರೋಲಿನ ವಾಸನೆಯಿದೆಯೇ ಎಂದು ಮೂಗಿನಿಂದ ನೋಡಿ.

ಕಿಲೋಮೀಟರಿನ ಅಂಕಿಯನ್ನು ನಂಬಬಹುದೆ? ಅದನ್ನು ಹಿಂದಕ್ಕೆ ತಿರುಗಿಸುವುದು ಮೊದಲು ಸ್ಕ್ರೂಡ್ರೈವರಿನ ಕೆಲಸವಾಗಿತ್ತು, ಈಗ ಕಂಪ್ಯೂಟರಿನ ಕೆಲಸವಾಗಿದೆ, ಕಷ್ಟವೇನೂ ಹೆಚ್ಚಿಲ್ಲ. ಆದರೆ ಸವೆತವನ್ನು ಹಿಂದಕ್ಕೆ ತಿರುಗಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಅಂಕಿಯು ೩೦,೦೦೦ವೆಂದು ಹೇಳುತ್ತಿರುವಾಗ ಕ್ಲಚ್ಚಿನ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಸ್ಟೀರಿಂಗು ಹತ್ತು ಗಂಟೆ ಎರಡು ಗಂಟೆಯ ಜಾಗಗಳಲ್ಲಿ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಬಲ ಅಂಚು ಕುಸಿದಿದ್ದರೆ ಯಾರ ಸಾಕ್ಷ್ಯವನ್ನು ನಂಬಬೇಕು? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿದೆ. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದದ್ದು. ಕಾರು ಆ ವರ್ಷದ್ದೇ ಆಗಿ ಇವು ಮೂಲ ಟೈರುಗಳೆಂದು ಹೇಳಿದರೆ ಅಂಕಿಗೂ ಸವೆತಕ್ಕೂ ತಾಳೆ ನೋಡಬಹುದು. ಸವೆಯದಿದ್ದರೂ ಏಳೆಂಟು ವರ್ಷದ ಟೈರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಕಳೆದುಕೊಳ್ಳುವುದರಿಂದ ಅದರ ಖರ್ಚೂ ನಿಮ್ಮದೇ.

ಎಂಜಿನಿನ ರೋಗಕ್ಕೆ ಮದ್ದುಂಟು, ಮೈಯ ರೋಗಕ್ಕೆ ಮದ್ದಿಲ್ಲ. ಕಬ್ಬಿಣಕ್ಕೆ ನೀರು, ಆಮ್ಲಜನಕಗಳು ತಗುಲಿದರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಆ ಕ್ರಿಯೆಗೆ ಕಾಲು ಬಂದಂತಾಗುತ್ತದೆ. ಆದ್ದರಿಂದ ಮಂಗಳೂರು, ಕಾರವಾರಗಳ ಕಡಲ ಗಾಳಿಯಲ್ಲಿ ನಿಂತ ಕಾರಿನ ತಳವನ್ನು, ಚಿತ್ರದುರ್ಗದ ಒಣಹವೆಯ ಕಾರಿನದಕ್ಕಿಂತ ಹೆಚ್ಚು ಶ್ರದ್ಧೆಯಿಂದ ನೋಡಬೇಕು. ಬಾಗಿಲುಗಳ ಕೆಳ ಅಂಚು, ಕಾಲುಹಾಸಿನ ಅಡಿ, ಮುಂದಿನ ಸಸ್ಪೆನ್ಷನ್ನು ಕೂಡುವ ಜಾಗ ಇವು ಮುಖ್ಯ. ತೆಳುವಾದ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿ; ಪುಟ್ಟಿ ಮೆತ್ತಿ ಬಣ್ಣ ಬಳಿದ ಕಡೆ ಅದು ಹಿಡಿಯದು. ಬಂಪರಿನಂತಹ ಪ್ಲಾಸ್ಟಿಕ್ ಭಾಗಗಳಿಗೆ ಈ ಪರೀಕ್ಷೆ ಸಲ್ಲದು.

ಪ್ರವಾಹದಲ್ಲಿ ಮುಳುಗಿದ ಕಾರು ಇನ್ನೂ ಅಪಾಯಕರ. ೨೦೧೫ರ ಡಿಸೆಂಬರಿನ ಚೆನ್ನೈ ಪ್ರವಾಹ, ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ ನಿಂತ ನೀರು, ಇಂತಹ ಘಟನೆಗಳ ತರುವಾಯ ಮುಳುಗಿದ ಕಾರುಗಳು ಒರೆಸಿಕೊಂಡು ಮಾರುಕಟ್ಟೆಗೆ ಬರುವುದುಂಟು. ವೈರುಗಳ ಕೂಡುಗಳಲ್ಲಿ ಹಸುರು ಕಿಲುಬು ನಿಧಾನವಾಗಿ ಬೆಳೆದು, ವರ್ಷದ ಮೇಲೆ ದೀಪ, ಸೆನ್ಸರುಗಳು ಒಂದೊಂದಾಗಿ ಕೈಕೊಡುತ್ತವೆ. ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕಾರು ತೊಳೆಯುವವರು ಅಲ್ಲಿಯತನಕ ಹೋಗಿರುವುದಿಲ್ಲ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿಯ ಗುಂಡಿ, ಸೀಟಿನ ಹಳಿಗಳು ಕೂಡ ಸತ್ಯವನ್ನೇ ಹೇಳುತ್ತವೆ.

ಆಮೇಲೆ ಓಡಿಸಿ ನೋಡುವುದು. ಸ್ಟೀರಿಯೋ ಆರಿಸಿ, ಕಿಟಕಿ ಇಳಿಸಿ, ಮಾರುವವರ ಮಾತಿಗೆ ಕಿವಿಗೊಡದೆ ಕಾರಿನ ಮಾತಿಗೆ ಕಿವಿಗೊಡಿ. ಮೂರನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಬರಿದಾದ ಸಮರಸ್ತೆಯಲ್ಲಿ ಬ್ರೇಕು ಹಾಕಿದಾಗ ಕಾರು ಪಕ್ಕಕ್ಕೆ ಎಳೆದರೆ ಎರಡು ಬದಿಯ ಬ್ರೇಕುಗಳು ಸಮವಾಗಿಲ್ಲ. ಉಷ್ಣತೆಯ ಮುಳ್ಳಿಗಾಗಿ ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಅದರಲ್ಲಿ ಹತ್ತು ನಿಮಿಷ ಏ.ಸಿ. ಹಾಕಿ ನಿಲ್ಲಿಸಿಯೇ ಇರಬೇಕು. ರೇಡಿಯೇಟರು ಕಟ್ಟಿಕೊಂಡಿದ್ದರೆ ಮುಳ್ಳು ಆಗ ಮೇಲೇರುತ್ತದೆ.

ಕೈಯಲ್ಲಿ ೨,೦೦,೦೦೦ ರೂಪಾಯಿಗಳಿದ್ದರೆ ೧,೬೦,೦೦೦ದ ಕಾರನ್ನು ಹುಡುಕಬೇಕು. ಉಳಿದ ೪೦,೦೦೦ ಕೈಲಿದ್ದರೆ ಬ್ಯಾಟರಿ, ಟೈರು, ಬ್ರೇಕು, ಬೆಲ್ಟುಗಳನ್ನು ಮೊದಲ ತಿಂಗಳಲ್ಲೇ ಸರಿಪಡಿಸಿಕೊಂಡು ನಿಶ್ಚಿಂತರಾಗಬಹುದು. ಇಲ್ಲದಿದ್ದರೆ ಅದೇ ಹಣವನ್ನು ಬಡ್ಡಿಗೆ ತರಬೇಕಾಗುತ್ತದೆ. ಹೊರರಾಜ್ಯದ ಕಾರು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಆ ರಾಜ್ಯದ ಆಕ್ಷೇಪಣೆಯಿಲ್ಲವೆಂಬ ಪತ್ರ, ಇಲ್ಲಿ ಮರುನೋಂದಣಿ, ಇಲ್ಲಿನ ಆಜೀವ ತೆರಿಗೆ ಇವುಗಳನ್ನು ಕೂಡಿ ನೋಡಿದ ಮೇಲೆ ಹಿಗ್ಗುವುದು ಒಳ್ಳೆಯದು.

ಕೊನೆಗೆ ಕಾಗದಪತ್ರ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಕಾರಿನ ಮೇಲೆ ಕೊರೆದಿರುವುದರೊಂದಿಗೆ ಅಕ್ಷರಶಃ ಹೋಲಿಸಿ. ಬ್ಯಾಂಕಿನ ಸಾಲ ತೀರಿದ್ದರೂ ನಮೂನೆ ೩೫ರ ಮೂಲಕ ಅದರ ಹೆಸರನ್ನು ಆರ್.ಸಿ.ಯಿಂದ ತೆಗೆಸಿರಬೇಕು. ಬಾಕಿಯಿರುವ ದಂಡಗಳನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ವರ್ಗಾವಣೆಗೆ ನಮೂನೆ ೨೯ ಮತ್ತು ೩೦. ಒಂದೇ ರಾಜ್ಯದೊಳಗಾದರೆ ಮಾರಿದವನು ೧೪ ದಿನಗಳೊಳಗೂ ಕೊಂಡವನು ೩೦ ದಿನಗಳೊಳಗೂ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೦ನೆಯ ಪ್ರಕರಣ ವಿಧಿಸುತ್ತದೆ. ಮಾರುವವರಿಗೂ ಇದರಲ್ಲಿ ಆಸಕ್ತಿಯಿರಬೇಕು: ಕಾರು ಕೈಬದಲಾಗಿದ್ದರೂ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿದೆ. ವಿಮೆಯಲ್ಲಿ ಮೂರನೆಯವರಿಗೆ ಸಂಬಂಧಿಸಿದ ಭಾಗವು ಕಾರಿನೊಂದಿಗೆ ತಾನಾಗಿ ಬರುತ್ತದೆ. ನಿಮ್ಮ ಕಾರಿಗೇ ಆದ ನಷ್ಟದ ಭಾಗ ಹಾಗೆ ಬರುವುದಿಲ್ಲ, ೧೪ ದಿನಗಳೊಳಗೆ ವಿಮಾ ಕಂಪೆನಿಗೆ ಬರೆದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಬೀಗದ ಕೈ ತೆಗೆದುಕೊಳ್ಳುವಾಗ ಎರಡನೆಯ ಕೈಯನ್ನೂ ಕೇಳಿ ಪಡೆಯಿರಿ; ತಾರೀಖಿನ ಜೊತೆಗೆ ಗಂಟೆಯನ್ನೂ ಬರೆದ ಒಂದು ಚೀಟಿಗೆ ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.